ವಾರ್ಡಿನಲ್ಲಿ ಔಷಧಿ ಕೊಡುವಾಗ: ಹೊಸ ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಆಸ್ಪತ್ರೆಗಳಲ್ಲಿ ಹೊಸದಾಗಿ ಡ್ಯೂಟಿಗೆ ಸೇರಿದವರು, ಜಿಎನ್‌ಎಂ ಮತ್ತು ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಡೋಸ್ ಯಾವಾಗಲೂ ವೈದ್ಯರ ಆರ್ಡರ್ ಮತ್ತು ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಪ್ರಕಾರವೇ. ಇಲ್ಲಿರುವ ಅಂಕಿಗಳು ಆರ್ಡರ್ ನೋಡಿದಾಗ "ಇದು ಸರಿಯಿದೆಯೇ?" ಎಂದು ನಿಮಗೇ ಅನುಮಾನ ಬರುವಷ್ಟರ ಮಟ್ಟಿಗೆ ಮಾತ್ರ.

ಸರಿಯಾದ ರೋಗಿ, ಔಷಧಿ, ಡೋಸ್, ಮಾರ್ಗ, ಸಮಯ ಎಂದು ಪರೀಕ್ಷೆಗೆ ಬರೆದು ಬಂದಿದ್ದೇವೆ. ವಾರ್ಡ್ ತುಂಬಿ ತುಳುಕುವಾಗ ಅದೆಲ್ಲ ಆಗುತ್ತಾ?

ಆಗುತ್ತದೆ. ಈ ಐದರಲ್ಲಿ ಕಷ್ಟವೆನಿಸದ ಮೊದಲನೆಯದೇ ನಮ್ಮ ಕಡೆ ಹೆಚ್ಚು ಕೈಕೊಡುವುದು. ಮೆಡಿಕಲ್ ವಾರ್ಡಿನಲ್ಲಿ ಒಂದೇ ದಿನ ಇಬ್ಬರು ಲಕ್ಷ್ಮಮ್ಮ, ಮೂವರು ಮಹದೇವು ಇರುವುದು ಮಾಮೂಲು. ಒಬ್ಬರು ಮಳವಳ್ಳಿ ಕಡೆಯವರು, ಇನ್ನೊಬ್ಬರು ಎಚ್.ಡಿ. ಕೋಟೆಯವರು. "ಲಕ್ಷ್ಮಮ್ಮ ನೀವೇನಾ?" ಅಂತ ಕೇಳಿದರೆ ಕಿವಿ ಮಂದವಾದ ಅಜ್ಜಿ "ಊಂ ಕಣವ್ವ" ಅಂದುಬಿಡುತ್ತಾರೆ. ಅವರ ಹೆಸರು ಗೌರಮ್ಮ ಆಗಿದ್ದರೂ ಅಷ್ಟೇ. ಬಿಳಿ ಬಟ್ಟೆಯವರು ಏನು ಕೇಳಿದರೂ ಹೂಂ ಅನ್ನಬೇಕು ಅನ್ನುವ ಮರ್ಯಾದೆ ಅದು. ಆದ್ದರಿಂದ "ನಿಮ್ಮ ಹೆಸರೇನಜ್ಜಿ? ಯಾವ ಊರು? ಯಜಮಾನರ ಹೆಸರೇನು?" ಅಂತ ಅವರ ಬಾಯಿಂದಲೇ ಹೇಳಿಸಿ, ಕೇಸ್ ಶೀಟ್ ಮತ್ತು ಐಪಿ ನಂಬರ್ (ಒಳರೋಗಿಯ ನೋಂದಣಿ ಸಂಖ್ಯೆ) ಜೊತೆ ತಾಳೆ ನೋಡಿ. ಬೆಡ್ ನಂಬರ್ ನೋಡಿ ಇಂಜೆಕ್ಷನ್ ಕೊಡಬೇಡಿ. ಫ್ಯಾನ್ ಕೆಳಗೆ ಮಲಗಬೇಕೆಂದು ರೋಗಿಗಳು ತಾವೇ ಬೆಡ್ ಬದಲಾಯಿಸಿಕೊಂಡಿರುತ್ತಾರೆ.

ಲೇಬಲ್ ಓದುವುದು ಮೂರು ಸಲ: ಕಪಾಟಿನಿಂದ ತೆಗೆಯುವಾಗ, ಸಿರಿಂಜಿಗೆ ಎಳೆಯುವಾಗ, ಖಾಲಿ ಆಂಪೂಲ್ ಕೆಳಗಿಡುವಾಗ. ಮೂರನೆಯದನ್ನೇ ಎಲ್ಲರೂ ಬಿಡುವುದು. ಔಷಧಿ ಇನ್ನೂ ರೋಗಿಯ ಮೈಗೆ ಹೋಗಿರದ ಆ ಗಳಿಗೆಯಲ್ಲಿ ತಪ್ಪು ಸಿಕ್ಕಿದರೆ ಏನೂ ನಷ್ಟವಿಲ್ಲ.

ವೈದ್ಯರ ಬರಹ ಅರ್ಥವಾಗದಿದ್ದರೆ ಅಂದಾಜಿನ ಮೇಲೆ ಕೊಡಬಹುದೇ?

ಬೇಡ. ರಾತ್ರಿ 2 ಗಂಟೆಯಾದರೂ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ. ಬೈಸಿಕೊಂಡರೆ ಬೈಸಿಕೊಳ್ಳಿ.

ಕೆಲವು ಬರಹಗಳ ಮೇಲೆ ವಿಶೇಷ ಕಣ್ಣಿರಲಿ. ಇನ್ಸುಲಿನ್ ಆರ್ಡರಿನಲ್ಲಿ 10ರ ಪಕ್ಕ ಯೂನಿಟ್ ಎನ್ನಲು ಬರೀ 'ಯು' ಹಾಕಿದ್ದರೆ ಅದು ಸೊನ್ನೆಯಂತೆ ಕಂಡು 100 ಆಗಿಬಿಡಬಹುದು. 1.0 ಎಂದು ಬರೆದಾಗ ಚುಕ್ಕೆ ಮಾಸಿದರೆ 10; .5 ಎಂದು ಬರೆದಾಗ ಚುಕ್ಕೆ ಕಾಣದಿದ್ದರೆ 5. ನೀವು ಬರೆಯುವಾಗ ಯೂನಿಟ್ ಎಂದು ಪೂರ್ತಿ ಬರೆಯಿರಿ, 0.5 ಎಂದು ಮುಂದೆ ಸೊನ್ನೆ ಹಾಕಿ, ಇಡೀ ಸಂಖ್ಯೆಯ ಹಿಂದೆ ಚುಕ್ಕೆ-ಸೊನ್ನೆ ಹಾಕಬೇಡಿ.

ಫೋನಿನಲ್ಲಿ ಆರ್ಡರ್ ಬಂದರೆ ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ. "ಹದಿನೈದು" ಮತ್ತು "ಐವತ್ತು" ಇಂಗ್ಲಿಷಿನಲ್ಲಿ ಫೋನಿನ ಗಲಾಟೆಯಲ್ಲಿ ಒಂದೇ ಥರ ಕೇಳುತ್ತವೆ, ಹಾಗಾಗಿ "ಒಂದು-ಐದು", "ಐದು-ಸೊನ್ನೆ" ಎಂದು ಬಿಡಿಸಿ ಹೇಳಿಸಿಕೊಳ್ಳಿ. ವೈದ್ಯರು ವಾರ್ಡಿಗೆ ಬಂದ ತಕ್ಷಣ ಸಹಿ ಹಾಕಿಸಿ.

ಇನ್ಸುಲಿನ್ ಸಿರಿಂಜಿನಲ್ಲಿ ಕೆಂಪು ಕ್ಯಾಪ್, ಕಿತ್ತಳೆ ಕ್ಯಾಪ್ ಎರಡೂ ಇವೆ. ಯಾವುದಾದರೂ ನಡೆಯುತ್ತಾ?

ಖಂಡಿತ ಇಲ್ಲ. ನಮ್ಮಲ್ಲಿ ವಯಲ್‌ನಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿ.ಲೀ.ಗೆ 40 ಯೂನಿಟ್. ಪೆನ್ ಕಾರ್ಟ್ರಿಜ್‌ಗಳು ಮತ್ತು ಕೆಲವು ವಯಲ್‌ಗಳು ಒಂದು ಮಿ.ಲೀ.ಗೆ 100 ಯೂನಿಟ್. ಕೆಂಪು ಕ್ಯಾಪಿನ ಸಿರಿಂಜ್ 40ಕ್ಕೆ, ಕಿತ್ತಳೆ ಕ್ಯಾಪಿನದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಅದು ಕಾಲು ಮಿ.ಲೀ., ಅಂದರೆ ರೋಗಿಗೆ ಹೋಗುವುದು 25 ಯೂನಿಟ್. ತಿರುಗಾಮುರುಗಾ ಆದರೆ, 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿನಲ್ಲಿ 10ರವರೆಗೆ ಎಳೆದರೆ ಹೋಗುವುದು ಬರೀ 4 ಯೂನಿಟ್. ಶುಗರ್ ಇಳಿಯಲಿಲ್ಲವೆಂದು ಮರುದಿನ ಡೋಸ್ ಏರಿಸುತ್ತಾರೆ, ಅಷ್ಟರಲ್ಲಿ ಯಾರೋ ಸರಿಯಾದ ಸಿರಿಂಜ್ ತರುತ್ತಾರೆ, ಆಗ ನೋಡಿ ಪಜೀತಿ. ಪೆನ್ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯುವ ಚಾಳಿಯನ್ನಂತೂ ಬಿಡಲೇಬೇಕು.

ಇನ್ನೊಂದು ವಿಷಯ ಊಟದ್ದು. ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ. ಲಿಸ್ಪ್ರೋ, ಆಸ್ಪಾರ್ಟ್ ಥರದ ಬೇಗ ಕೆಲಸ ಮಾಡುವ ಇನ್ಸುಲಿನ್‌ಗಳು ತಟ್ಟೆ ಮುಂದಿದ್ದಾಗ. ನಮ್ಮ ವಾರ್ಡುಗಳಲ್ಲಿ ಎಷ್ಟೋ ಜನರಿಗೆ ಊಟ ಬರುವುದು ಊರಿನಿಂದ, ಬಸ್ಸಿನಲ್ಲಿ, ಟಿಫಿನ್ ಕ್ಯಾರಿಯರಿನಲ್ಲಿ. ಬಸ್ ತಡವಾದರೆ ಮುದ್ದೆಯೂ ತಡ. ಆದ್ದರಿಂದ ಸಿರಿಂಜ್ ಹಿಡಿದು ಹೋದಾಗ ಮೊದಲ ಪ್ರಶ್ನೆ "ಊಟ ಬಂತಾ?" ಎಂದೇ ಇರಲಿ. ಬಂದಿಲ್ಲದಿದ್ದರೆ, ರೋಗಿಗೆ ವಾಂತಿಯಾಗುತ್ತಿದ್ದರೆ, ಅಥವಾ ಸ್ಕ್ಯಾನಿಂಗಿಗೆಂದು ಉಪವಾಸ ಇಟ್ಟಿದ್ದರೆ, ವೈದ್ಯರನ್ನು ಕೇಳದೆ ಕೊಡಬೇಡಿ.

ಶುಗರ್ ಇಳಿದುಬಿಟ್ಟರೆ ಏನು ಮಾಡಬೇಕು?

ಮೈ ಬೆವರುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಸುಮ್ಮಸುಮ್ಮನೆ ರೇಗುವುದು. ಇವು ಕಂಡರೆ ಕೂಡಲೇ ಗ್ಲೂಕೋಮೀಟರ್ ಹಿಡಿಯಿರಿ. ಶುಗರ್ 70ಕ್ಕಿಂತ (ಮಿ.ಗ್ರಾಂ./ಡೆ.ಲೀ.) ಕಡಿಮೆಯಿದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ರೋಗಿಯ ಕಡೆಯವರು ಗಾಬರಿಯಲ್ಲಿ ಸಕ್ಕರೆ ನೀರು ಹುಯ್ಯಲು ಬರುತ್ತಾರೆ, ತಡೆಯಿರಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅಂಥವರಿಗೆ ಡೆಕ್ಸ್ಟ್ರೋಸ್ ರಕ್ತನಾಳಕ್ಕೇ ಹೋಗಬೇಕು.

ಬಿಪಿ, ಹೃದಯಕ್ಕೆಂದು ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಲ್ಲಿ ನಡುಕ, ಎದೆ ಬಡಿತ ಕಾಣದೇ ಹೋಗಬಹುದು; ಬೆವರು ಮಾತ್ರ ಉಳಿದಿರುತ್ತದೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮಾತ್ರೆಯಿಂದ ಶುಗರ್ ಇಳಿದ ವಯಸ್ಸಾದವರಲ್ಲಿ, ಅದರಲ್ಲೂ ಕಿಡ್ನಿ ಸರಿಯಿಲ್ಲದವರಲ್ಲಿ, ಒಮ್ಮೆ ಏರಿಸಿದ ಶುಗರ್ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯುತ್ತದೆ. "ಈಗ ಚೆನ್ನಾಗವ್ರೆ, ಕರ್ಕೊಂಡ್ ಹೋಯ್ತೀವಿ" ಎಂದು ಕಡೆಯವರು ಹಟ ಹಿಡಿದಾಗ ಇದನ್ನು ಬಿಡಿಸಿ ಹೇಳಿ.

ಪೊಟ್ಯಾಸಿಯಂ ಕ್ಲೋರೈಡ್ ಎಂದರೆ ಸೀನಿಯರ್ ಸಿಸ್ಟರ್‌ಗಳು ಯಾಕೆ ಅಷ್ಟು ಹೆದರಿಸುತ್ತಾರೆ?

ಹೆದರಿಸಬೇಕಾದ ವಸ್ತುವೇ ಅದು. 10 ಮಿ.ಲೀ. ಆಂಪೂಲ್, ಒಳಗೆ ನೀರಿನಷ್ಟೇ ತಿಳಿಯಾದ ದ್ರವ. ಪಕ್ಕದಲ್ಲೇ ಅದೇ ಅಳತೆಯ ಡಿಸ್ಟಿಲ್ಡ್ ವಾಟರ್ ಆಂಪೂಲ್ ಇಟ್ಟಿದ್ದರೆ ಅವಸರದಲ್ಲಿ ಯಾವುದು ಕೈಗೆ ಬಂತೆಂದು ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಸಿಗುವ ಆಂಪೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ (ಲವಣದ ಪ್ರಮಾಣ ಅಳೆಯುವ ಮಾನ, mEq) ಪೊಟ್ಯಾಸಿಯಂ ಇರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ. ಯಾವ ಕಾರಣಕ್ಕೂ, ಯಾರು ಹೇಳಿದರೂ, ನೇರವಾಗಿ ತಳ್ಳುವುದಿಲ್ಲ. ಡ್ರಿಪ್ಪಿಗೆ ಬೆರೆಸಿಯೇ ಕೊಡಬೇಕು. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರುವ ಆರ್ಡರ್ ಕಂಡರೆ ಕೈ ತಡೆದು ಕೇಳಿ.

ಬೆರೆಸುವುದರಲ್ಲೂ ಒಂದು ಸೂಕ್ಷ್ಮವಿದೆ. ಸ್ಟ್ಯಾಂಡಿಗೆ ನೇತುಹಾಕಿದ ಬಾಟಲಿಗೆ ಕೆಳಗಿನಿಂದ ಚುಚ್ಚಿ ಬಿಟ್ಟರೆ ಪೊಟ್ಯಾಸಿಯಂ ಭಾರವಾದ್ದರಿಂದ ಬಾಟಲಿಯ ಕತ್ತಿನಲ್ಲೇ ಉಳಿಯುತ್ತದೆ. ಮೊದಲ ಕೆಲವು ನಿಮಿಷ ರೋಗಿಗೆ ಹೋಗುವುದು ಗಟ್ಟಿ ಪೊಟ್ಯಾಸಿಯಮ್ಮೇ. ಬಾಟಲಿ ಕೆಳಗಿಳಿಸಿ, ಹಾಕಿ, ಹಲವು ಸಲ ಮೇಲೆ ಕೆಳಗೆ ತಿರುಗಿಸಿ, ಏನು ಎಷ್ಟು ಹಾಕಿದೆ ಎಂದು ಲೇಬಲ್ ಅಂಟಿಸಿ, ಆಮೇಲೆ ನೇತುಹಾಕಿ. ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಮೊದಲೇ ನೋಡಿ. ಸೂಜಿ ಹಾಕಿದ ಕೈ ಉರಿಯುತ್ತಿದೆ ಎಂದು ರೋಗಿ ಹೇಳಿದರೆ ಹನಿ ನಿಧಾನ ಮಾಡಿ, ಸೂಜಿಯಿರುವ ರಕ್ತನಾಳದ ಮೇಲೆ ಕಣ್ಣಾಡಿಸಿ, ವೈದ್ಯರಿಗೆ ತಿಳಿಸಿ. ಆಂಪೂಲ್‌ಗಳನ್ನು ಉಳಿದ ಔಷಧಿಯಿಂದ ಬೇರೆ ಡಬ್ಬಿಯಲ್ಲಿ, ಕೆಂಪು ಲೇಬಲ್ ಹಾಕಿ ಬೀಗದಲ್ಲಿಡುವ ವಾರ್ಡ್‌ಗಳು ಸರಿಯಾದ ಕೆಲಸ ಮಾಡುತ್ತಿವೆ.

ಲೆಕ್ಕ ಅಂದರೆ ತಲೆ ತಿರುಗುತ್ತದೆ. ಡೋಸ್ ಲೆಕ್ಕಕ್ಕೆ ಸುಲಭ ದಾರಿ ಇದೆಯೇ?

ಬೇಕಾದದ್ದನ್ನು ಇರುವುದರಿಂದ ಭಾಗಿಸಿ, ಇರುವುದು ಎಷ್ಟು ಮಿ.ಲೀ.ನಲ್ಲಿದೆಯೋ ಅದರಿಂದ ಗುಣಿಸಿ. ಅಮಿಕಾಸಿನ್ 150 ಮಿ.ಗ್ರಾಂ. ಬೇಕು, ವಯಲ್‌ನಲ್ಲಿ 2 ಮಿ.ಲೀ.ಗೆ 500 ಇದೆ: 150 ಭಾಗಿಸು 500, ಗುಣಿಸು 2, ಉತ್ತರ 0.6 ಮಿ.ಲೀ. ಡ್ರಿಪ್ಪಿಗಾದರೆ ಒಟ್ಟು ಮಿ.ಲೀ.ಯನ್ನು ಸೆಟ್‌ನ ಹನಿಯಿಂದ (ಒಂದು ಮಿ.ಲೀ.ಗೆ ಎಷ್ಟು ಹನಿಯೋ ಅದರಿಂದ) ಗುಣಿಸಿ ನಿಮಿಷದಿಂದ ಭಾಗಿಸಿ. 500 ಮಿ.ಲೀ. 4 ಗಂಟೆಯಲ್ಲಿ ಹೋಗಬೇಕು, ಸೆಟ್ 20 ಹನಿಯದು ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಮೈಕ್ರೋ ಡ್ರಿಪ್ ಸೆಟ್ 60 ಹನಿಯದು. ಸೆಟ್‌ನ ಕವರ್ ಮೇಲೆ ಬರೆದಿರುತ್ತದೆ, ಕವರ್ ಬಿಸಾಡುವ ಮುಂಚೆ ಓದಿ.

ಮಕ್ಕಳ ವಾರ್ಡಿನಲ್ಲಿ ಪ್ಯಾರಾಸಿಟಮಾಲ್ ಒಂದೇ ಸಾಕು ಗೊಂದಲಕ್ಕೆ. 10 ಕಿಲೋ ಮಗುವಿಗೆ 150 ಮಿ.ಗ್ರಾಂ. ಎಂದಿಟ್ಟುಕೊಳ್ಳಿ. 5 ಮಿ.ಲೀ.ಗೆ 125 ಇರುವ ಸಿರಪ್ ಆದರೆ 6 ಮಿ.ಲೀ., 250 ಇರುವುದಾದರೆ 3 ಮಿ.ಲೀ., ಒಂದು ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ. "6 ಮಿ.ಲೀ. ಕುಡಿಸಿ" ಎಂದಷ್ಟೇ ತಾಯಿಗೆ ಹೇಳಿ ಕಳಿಸಿದರೆ, ಮನೆಯಲ್ಲಿ ಡ್ರಾಪ್ಸ್ ಬಾಟಲಿ ಇದ್ದಲ್ಲಿ ಆ ಮಗುವಿಗೆ ನಾಲ್ಕು ಪಟ್ಟು ಹೋಗುತ್ತದೆ. ಯಾವ ಬಾಟಲಿ ಎಂದು ಕೈಯಲ್ಲಿ ಹಿಡಿದು ತೋರಿಸಿ. ಅಡುಗೆಮನೆ ಚಮಚದಲ್ಲಿ ಅಳೆಯುವುದು ಬೇಡ, ಮುಚ್ಚಳ ಅಥವಾ ಸಿರಿಂಜ್ ಬಳಸಲಿ.

ಉತ್ತರ ಬಂದ ಮೇಲೆ ಒಂದು ಕ್ಷಣ ನಿಲ್ಲಿ. ಒಂದು ಡೋಸಿಗೆ ಏಳೆಂಟು ಆಂಪೂಲ್ ಒಡೆಯಬೇಕೆಂದು ಬಂದರೆ ಲೆಕ್ಕ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ಅಪವಾದಗಳು ಮುಂದಿನ ಎರಡು ಪ್ರಶ್ನೆಗಳಲ್ಲೇ ಇವೆ.

ಹೆರಿಗೆ ವಾರ್ಡಿನಲ್ಲಿ ಮೆಗ್ನೀಸಿಯಂ ಸಲ್ಫೇಟ್ ಕೊಡುವಾಗ ಏನು ನೋಡುತ್ತಿರಬೇಕು?

ಮೈಸೂರಿನ ಚೆಲುವಾಂಬದಂಥ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇದು ನಿತ್ಯದ ಪಾಠ. ಬಿಪಿ ಏರಿ ಫಿಟ್ಸ್ ಬಂದ ಅಥವಾ ಬರುವ ಲಕ್ಷಣವಿರುವ ಗರ್ಭಿಣಿಗೆ ಪ್ರಿಚರ್ಡ್ ಪದ್ಧತಿಯಲ್ಲಿ ಮೊದಲು 4 ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, ಜೊತೆಗೆ ಎರಡೂ ಪಿರ್ರೆಗೆ 5 ಗ್ರಾಂನಂತೆ ಆಳವಾಗಿ. 50 ಪರ್ಸೆಂಟಿನ 2 ಮಿ.ಲೀ. ಆಂಪೂಲಿನಲ್ಲಿ 1 ಗ್ರಾಂ ಇರುತ್ತದೆ, ಅಂದರೆ ಮೊದಲ ಡೋಸಿಗೇ 14 ಆಂಪೂಲ್. ರಕ್ತನಾಳಕ್ಕೆ ಹೋಗುವ 4 ಗ್ರಾಂ ಅನ್ನು 20 ಪರ್ಸೆಂಟಿಗೆ ತೆಳು ಮಾಡಬೇಕು: 8 ಮಿ.ಲೀ. ಔಷಧಿಗೆ 12 ಮಿ.ಲೀ. ಡಿಸ್ಟಿಲ್ಡ್ ವಾಟರ್ ಅಥವಾ ಸಲೈನ್.

ಆಮೇಲೆ 4 ಗಂಟೆಗೊಮ್ಮೆ 5 ಗ್ರಾಂ. ಪ್ರತಿ ಸಲ ಕೊಡುವ ಮುಂಚೆ ಮೂರು ವಿಷಯ: ಮಂಡಿಯ ಕೆಳಗೆ ತಟ್ಟಿದರೆ ಕಾಲು ಜಿಗಿಯಬೇಕು, ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆ ಇರಬಾರದು, ಹಿಂದಿನ 4 ಗಂಟೆಯಲ್ಲಿ ಗಂಟೆಗೆ 30 ಮಿ.ಲೀ.ಯಾದರೂ ಮೂತ್ರ ಬಂದಿರಬೇಕು. ಮೆಗ್ನೀಸಿಯಂ ಮಿತಿ ಮೀರಿ ವಿಷವಾಗುವಾಗ ಮೊದಲು ಹೋಗುವುದು ಮಂಡಿಯ ಜಿಗಿತ, ನಂತರ ಉಸಿರು. ಜಿಗಿತ ಇಲ್ಲವೆಂದರೆ ಮುಂದಿನ ಡೋಸ್ ತಡೆದು ವೈದ್ಯರನ್ನು ಕರೆಯಿರಿ. 10 ಪರ್ಸೆಂಟಿನ ಕ್ಯಾಲ್ಸಿಯಂ ಗ್ಲೂಕೊನೇಟ್ 10 ಮಿ.ಲೀ. ತಲೆದಿಂಬಿನ ಪಕ್ಕದ ಟ್ರೇಯಲ್ಲೇ ಇರಬೇಕು. ಸ್ಟೋರಿಗೆ ಇಂಡೆಂಟ್ ಬರೆದು ತರಿಸುವಷ್ಟು ಹೊತ್ತು ಆಗ ಇರುವುದಿಲ್ಲ.

ಮಂಡ್ಯ ಕಡೆ ಹಾವು ಕಚ್ಚಿದವರು, ಕ್ರಿಮಿನಾಶಕ ಕುಡಿದವರು ಬರುತ್ತಲೇ ಇರುತ್ತಾರೆ. ಆಗ ನರ್ಸ್ ಕೆಲಸ ಏನು?

ಕಬ್ಬಿನ ಗದ್ದೆ, ಭತ್ತದ ಗದ್ದೆಯ ನಾಡಿನಲ್ಲಿ ಇವೆರಡೂ ತಪ್ಪಿದ್ದಲ್ಲ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗುತ್ತದೆ. ಅದನ್ನು ನೋಡಲು ಒಣಗಿದ ಹೊಸ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಬಳಿಕ ಬಾಗಿಸಿ ನೋಡುತ್ತಾರೆ. ಪ್ಲಾಸ್ಟಿಕ್ ಟ್ಯೂಬ್ ಆಗದು, ಸೋಪಿನಲ್ಲಿ ತೊಳೆದ ಟ್ಯೂಬೂ ಆಗದು. "ಹೆಪ್ಪಾಯ್ತೇನೋ" ಎಂದು ಐದೈದು ನಿಮಿಷಕ್ಕೆ ಎತ್ತಿ ನೋಡಿದರೆ ಫಲಿತಾಂಶವೇ ಕೆಟ್ಟಿತು.

ಹಾವಿನ ವಿಷದ ಪ್ರತಿವಿಷ ಪುಡಿಯ ರೂಪದಲ್ಲಿದ್ದರೆ ಪ್ರತಿ ವಯಲ್‌ಗೆ 10 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ ಕರಗಿಸಿ. ಕುಲುಕಿದರೆ ನೊರೆ ಬರುತ್ತದೆ. ಸಾಮಾನ್ಯವಾಗಿ ಮೊದಲಿಗೆ 10 ವಯಲ್, ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ. ಮಕ್ಕಳಿಗೂ ಅಷ್ಟೇ ವಯಲ್, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಟ್ಟಿರುವುದಿಲ್ಲ. ಟೆಸ್ಟ್ ಡೋಸ್ ಬೇಡ. ಅದರಿಂದ ರಿಯಾಕ್ಷನ್ ಮೊದಲೇ ತಿಳಿಯುವುದಿಲ್ಲ, ಹೊತ್ತು ಹಾಳು. ಅಡ್ರಿನಲಿನ್ ಸಿರಿಂಜಿಗೆ ಎಳೆದು, ಲೇಬಲ್ ಹಾಕಿ, ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡಿ. ಮೊದಲ ಅರ್ಧ ಗಂಟೆ ಆ ಮಂಚದ ಬಳಿಯಿಂದ ಕದಲಬೇಡಿ. ದದ್ದು, ತುರಿಕೆ, ಕೆಮ್ಮು, ನಡುಕ, ಬಿಪಿ ಇಳಿತ ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ ಕೂಗಿ. ರಕ್ತ ಹೆಪ್ಪುಗಟ್ಟದವರಿಗೆ ಮಾಂಸಖಂಡಕ್ಕೆ ಇಂಜೆಕ್ಷನ್ ಹಾಕುವ ಅಭ್ಯಾಸದ ಕೈಯನ್ನು ಹಿಡಿದುಕೊಳ್ಳಿ. ಟಿಟಿ ಆಮೇಲೆ ಹಾಕಬಹುದು. ನೋವಿಗೆ ಡೈಕ್ಲೋಫೆನಾಕ್ ಬೇಡ, ಪ್ಯಾರಾಸಿಟಮಾಲ್ ಸಾಕು.

ಆರ್ಗನೋಫಾಸ್ಫರಸ್ ಕ್ರಿಮಿನಾಶಕ ಕುಡಿದವರಿಗೆ ಅಟ್ರೋಪಿನ್. 0.6 ಮಿ.ಗ್ರಾಂ. ಆಂಪೂಲ್‌ಗಳನ್ನು ರಾಶಿಗಟ್ಟಲೆ ಒಡೆಯಬೇಕಾಗುತ್ತದೆ, ಗಾಬರಿ ಬೇಡ. ಎಷ್ಟು ಒಡೆದಿರಿ, ಎಷ್ಟು ಗಂಟೆಗೆ ಎಂದು ಒಬ್ಬರು ಬರೆಯುತ್ತಲೇ ಇರಲಿ. ಗುರಿ ಏನೆಂದರೆ ಎದೆಯ ಗೊರಗೊರ ನಿಲ್ಲಬೇಕು, ಬೆವರು ಆರಬೇಕು, ನಾಡಿ 80 ದಾಟಬೇಕು, ಬಿಪಿಯ ಮೇಲಿನ ಅಂಕಿ 80ರ ಮೇಲಿರಬೇಕು. ಕಣ್ಣಿನ ಪಾಪೆಯೊಂದನ್ನೇ ನಂಬಬೇಡಿ. ಅಟ್ರೋಪಿನ್ ಮಿತಿ ಮೀರಿದಾಗ ಮೈ ಕಾದ ಹೆಂಚಾಗುತ್ತದೆ, ಕರುಳಿನ ಸದ್ದು ನಿಲ್ಲುತ್ತದೆ, ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾ ಬಡಬಡಿಸತೊಡಗುತ್ತಾನೆ. ಕಡೆಯವರು ಇದನ್ನು "ದೆವ್ವ ಮೆಟ್ಕೊಂಡದೆ" ಅನ್ನುವುದುಂಟು. ನೀವು ಜ್ವರ ನೋಡಿ, ವೈದ್ಯರಿಗೆ ಹೇಳಿ. ರೋಗಿಯ ಬಟ್ಟೆ ತೆಗೆಯುವಾಗ, ಮೈ ತೊಳೆಯುವಾಗ ಗ್ಲೌಸ್ ಮರೆಯಬೇಡಿ, ವಿಷ ಚರ್ಮದಿಂದಲೂ ಏರುತ್ತದೆ.

ಆಂಟಿಬಯೋಟಿಕ್ ಟೆಸ್ಟ್ ಡೋಸ್ ಹಾಕಿದ್ದೇವೆ, ಏನೂ ಆಗಲಿಲ್ಲ. ಇನ್ನು ನಿಶ್ಚಿಂತೆಯೇ?

ಅಲ್ಲ. ಚರ್ಮದ ಪರೀಕ್ಷೆ ಸುಮ್ಮನಿದ್ದವರಿಗೂ ಪೂರ್ತಿ ಡೋಸಿನಲ್ಲಿ ರಿಯಾಕ್ಷನ್ ಬರುವುದುಂಟು. "ಹಿಂದೆ ಯಾವುದಾದರೂ ಮಾತ್ರೆ, ಇಂಜೆಕ್ಷನ್‌ಗೆ ಮೈ ದದ್ದು ಎದ್ದಿತ್ತಾ, ಮುಖ ಊದಿತ್ತಾ?" ಎಂಬ ಪ್ರಶ್ನೆ ಅದಕ್ಕಿಂತ ಉಪಯೋಗದ್ದು. "ಅಲರ್ಜಿ ಇದೆಯಾ?" ಎಂದರೆ ಹಲವರಿಗೆ ತಿಳಿಯುವುದಿಲ್ಲ, ಅಥವಾ "ಬದನೆಕಾಯಿ ಆಗಲ್ಲ" ಎಂಬ ಉತ್ತರ ಬರುತ್ತದೆ. ಅನಫಿಲಾಕ್ಸಿಸ್ (ಜೀವಕ್ಕೇ ಅಪಾಯವಾಗುವ ತೀವ್ರ ಅಲರ್ಜಿ) ಆದರೆ ದೊಡ್ಡವರಿಗೆ ಅಡ್ರಿನಲಿನ್ 0.5 ಮಿ.ಗ್ರಾಂ., ಅಂದರೆ 1 ಮಿ.ಗ್ರಾಂ. ಆಂಪೂಲಿನ ಅರ್ಧ ಮಿ.ಲೀ., ತೊಡೆಯ ಹೊರಭಾಗದ ಮಾಂಸಖಂಡಕ್ಕೆ. ಅಲರ್ಜಿಗೆ ಕೊಡುವ ಏವಿಲ್, ಹೈಡ್ರೋಕಾರ್ಟಿಸೋನ್ ಹುಡುಕುತ್ತಾ ಅಡ್ರಿನಲಿನ್ ತಡ ಮಾಡುವುದೇ ಅತಿ ಸಾಮಾನ್ಯ ಎಡವಟ್ಟು.

ವೇಗವೂ ಮುಖ್ಯ. ವ್ಯಾಂಕೊಮೈಸಿನ್ ಒಂದು ಗಂಟೆಗಿಂತ ಬೇಗ ಬಿಟ್ಟರೆ ಮುಖ, ಕತ್ತು ಕೆಂಪೇರಿ ಬಿಪಿ ಇಳಿಯುತ್ತದೆ. ಫೆನಿಟೋಯಿನ್ ನಿಮಿಷಕ್ಕೆ 50 ಮಿ.ಗ್ರಾಂ. ಮೀರಬಾರದು, ಸಲೈನಿನಲ್ಲೇ ಬೆರೆಸಬೇಕು. ಡೆಕ್ಸ್ಟ್ರೋಸಿಗೆ ಹಾಕಿದರೆ ಹರಳುಗಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಮತ್ತು ರಿಂಗರ್ ಲ್ಯಾಕ್ಟೇಟ್ ಒಂದೇ ಲೈನಿನಲ್ಲಿ ಒಟ್ಟಿಗೆ ಬೇಡ.

ಮೂಗಿನ ಟ್ಯೂಬ್ ಇದ್ದವರಿಗೆ ಎಲ್ಲ ಮಾತ್ರೆಯನ್ನೂ ಕುಟ್ಟಿ ಹಾಕಬಹುದೇ?

ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್, ಎಕ್ಸ್‌ಎಲ್, ರಿಟಾರ್ಡ್ ಎಂದಿದ್ದರೆ ಕುಟ್ಟಬಾರದು. ಇಡೀ ದಿನಕ್ಕೆಂದು ಕಟ್ಟಿಟ್ಟ ಔಷಧಿ ಒಂದೇ ಸಲ ಮೈಗೇರುತ್ತದೆ. ಪ್ಯಾಂಟಪ್ರಜಾಲ್ ಥರದ ಲೇಪನವಿರುವ ಮಾತ್ರೆಯೂ ಬೇಡ. ಬದಲಿ ಔಷಧಿ ಕೇಳಿ. ಉಳಿದವನ್ನು ಒಂದೊಂದಾಗಿ ಪುಡಿ ಮಾಡಿ, ಮುಂಚೆ ಮತ್ತು ಆಮೇಲೆ ನೀರು ಬಿಡಿ.

ಊಟಕ್ಕೂ ಮಾತ್ರೆಗೂ ಸಂಬಂಧ ಏನು? ರೋಗಿಗಳು ಕೇಳುತ್ತಲೇ ಇರುತ್ತಾರೆ.

ಥೈರಾಯ್ಡ್ ಮಾತ್ರೆ ಬರಿ ಹೊಟ್ಟೆಯಲ್ಲಿ, ನೀರಿನ ಜೊತೆ, ತಿಂಡಿ-ಕಾಫಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ ಬೇಕೆನ್ನುವ ಮೈಸೂರಿನವರಿಗೆ ಇದು ದೊಡ್ಡ ಶಿಕ್ಷೆ. ಕಬ್ಬಿಣಾಂಶದ ಮಾತ್ರೆಯನ್ನೂ ಕಾಫಿ, ಟೀ ಜೊತೆ ನುಂಗಬಾರದು. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಹೆದರಿ ಮಾತ್ರೆ ಬಿಡುತ್ತಾರೆ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಹಾಲು, ಕ್ಯಾಲ್ಸಿಯಂ ಮಾತ್ರೆ, ಅಸಿಡಿಟಿ ಸಿರಪ್ ಜೊತೆ ಬೇಡ.

ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಅಸಿನೊಕೊಮರಾಲ್ ಅಥವಾ ವಾರ್ಫರಿನ್ ನುಂಗುವವರ ವಿಷಯ ಬೇರೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುವುದರಿಂದ ಔಷಧಿಯ ಕೆಲಸ ತಗ್ಗುತ್ತದೆ. ಹಾಗೆಂದು ಬಸ್ಸಾರು, ಮಸ್ಸೊಪ್ಪು ಬಿಟ್ಟು ಬಾಳಲಾಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟನ್ನೇ ತಿನ್ನಲಿ. ಒಂದು ವಾರ ದಿನವೂ ಸೊಪ್ಪು, ಇನ್ನೊಂದು ವಾರ ಸೊನ್ನೆ ಎಂದಾಗಬಾರದು. ಒಸಡಿನಲ್ಲಿ ರಕ್ತ, ಕಪ್ಪು ಮಲ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ ಕಂಡರೆ ಕೂಡಲೇ ಬರಲಿ. ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ನೋವಿನ ಮಾತ್ರೆ ಇವರಿಗೆ ಅಪಾಯ.

ಡಿಸ್ಚಾರ್ಜ್ ದಿನ ಏನು ಹೇಳಿ ಕಳಿಸಬೇಕು?

ಅವರ ಚೀಲದಲ್ಲಿರುವ ಮಾತ್ರೆಗಳನ್ನೆಲ್ಲ ಮಂಚದ ಮೇಲೆ ಸುರಿಯಲು ಹೇಳಿ. ಜನೌಷಧಿ ಅಂಗಡಿಯ ಟೆಲ್ಮಿಸಾರ್ಟನ್ ಒಂದು, ಬ್ರ್ಯಾಂಡ್ ಹೆಸರಿನ ಅದೇ ಟೆಲ್ಮಿಸಾರ್ಟನ್ ಇನ್ನೊಂದು, ಎರಡನ್ನೂ ದಿನಾ ನುಂಗುತ್ತಿರುವವರು ಸಿಗುತ್ತಾರೆ. ಹಳೆಯದನ್ನು ಬೇರ್ಪಡಿಸಿ. ಓದಲು ಬಾರದವರಿಗೆ ಕವರ್ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. "ಅರ್ಥ ಆಯ್ತಾ?" ಎನ್ನುವ ಬದಲು "ಮನೆಗೆ ಹೋದ ಮೇಲೆ ಹೆಂಗ್ ತಗೋತೀರ, ಒಂದ್ಸಲ ಹೇಳಿ ನೋಡಣ" ಎಂದು ಕೇಳಿ.

ಔಷಧಿ ಕೊಡುವುದರಲ್ಲಿ ತಪ್ಪಾಯಿತು. ಯಾರಿಗೆ ಹೇಳಬೇಕು?

ಮೊದಲು ರೋಗಿಯನ್ನು ನೋಡಿ: ನಾಡಿ, ಬಿಪಿ, ಉಸಿರು, ಎಚ್ಚರ. ತಕ್ಷಣ ಡ್ಯೂಟಿ ಡಾಕ್ಟರಿಗೆ, ಬಳಿಕ ವಾರ್ಡ್ ಇನ್‌ಚಾರ್ಜ್ ಸಿಸ್ಟರಿಗೆ. ಕೇಸ್ ಶೀಟಿನಲ್ಲಿ ಏನು ಕೊಟ್ಟಿರಿ, ಎಷ್ಟು ಗಂಟೆಗೆ, ಯಾರಿಗೆ ತಿಳಿಸಿದಿರಿ ಎಂದಷ್ಟೇ ಬರೆಯಿರಿ. ಸಮಜಾಯಿಷಿ ಬೇಡ, ಹಳೆ ಬರಹ ಅಳಿಸುವುದೂ ಬೇಡ. ಹೇಳಿದವರ ಮೇಲೆ ರೇಗಾಡುವ ವಾರ್ಡಿನಲ್ಲಿ ಮುಂದಿನ ತಪ್ಪನ್ನು ಯಾರೂ ಹೇಳುವುದಿಲ್ಲ. ಇದನ್ನು ಇನ್‌ಚಾರ್ಜ್‌ಗಳೂ ಓದಲಿ.

ತಪ್ಪಿಲ್ಲದೆಯೂ ಔಷಧಿಯಿಂದ ಅಡ್ಡಪರಿಣಾಮ ಆಗಿರಬಹುದು. ಅದನ್ನು ವರದಿ ಮಾಡಲು 2010ರಲ್ಲಿ ಶುರುವಾದ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ. ವರದಿಯನ್ನು ನರ್ಸ್‌ಗಳೂ ಕೊಡಬಹುದು, ಇದೇ ಔಷಧಿಯಿಂದ ಆಯಿತೆಂದು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಉಚಿತ ಸಹಾಯವಾಣಿ 1800-180-3024.

ಸೂಜಿ ನನ್ನ ಕೈಗೇ ಚುಚ್ಚಿತು. ಮುಂದೇನು?

ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಕ್ಯಾಶುವಾಲ್ಟಿಗೆ ಹೋಗಿ. ಎಚ್‌ಐವಿ ತಡೆಗೆ ಮಾತ್ರೆ ಬೇಕಾದರೆ ಮೊದಲ 2 ಗಂಟೆಯೊಳಗೆ ಶುರುವಾಗುವುದು ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ವಿವರವೂ ಕೈಲಿರಲಿ. ಡ್ಯೂಟಿ ಮುಗಿಸಿ ಹೋಗೋಣ ಎಂದು ಕಾಯಬೇಡಿ, ನಿಮ್ಮ ಟ್ರಾಲಿಯನ್ನು ಪಕ್ಕದವರು ಹಿಡಿಯುತ್ತಾರೆ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕದೆ ನೇರವಾಗಿ ಚುಚ್ಚದಂಥ ಬಿಳಿ ಡಬ್ಬಿಗೆ ಹಾಕಿ. ಒಡೆದ ಆಂಪೂಲ್ ನೀಲಿ ಡಬ್ಬಿಗೆ.